ಬೋರಿಂಗಿನ ಬಿಲ್ಲೆ

ಆ ದಿನ ಬೆಳಗಾಗುವಾಗಲೇ ಗಾಳಿ ನಿಂತುಹೋಗಿತ್ತು. ಚೈತ್ರ ಇನ್ನೂ ಮುಗಿದಿರಲಿಲ್ಲ. ಕೂಕಟ್‌ಪಲ್ಲಿಯ ಮೇಲೆ ಮೋಡವೋ ಧೂಳೋ ತಿಳಿಯದಂಥ ಬೂದು ಮುಸುಕೊಂದು ತಾರಸಿಗಳ ತನಕ ಇಳಿದಿತ್ತು. ಸೂರ್ಯ ಎಲ್ಲಿದ್ದಾನೆಂದು ಕಾಣದಿದ್ದರೂ ಅವನ ಕಾವು ಮಾತ್ರ ಗೋಡೆಗಳಿಂದ ಹೊರಗೆ ಬರುತ್ತಿತ್ತು. ಓಣಿಯ ಬೇವಿನ ಮರದಲ್ಲಿ ಒಂದೆಲೆ ಅಲುಗಲಿಲ್ಲ. ಬಂಡೆಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡು, ಶಿವನೇ, ಇಂಥ ಉಸಿರುಗಟ್ಟುವ ದಿನವೇ ಈ ರಸ್ತೆಯವರು ಬರಬೇಕೆ ಎಂದುಕೊಂಡಳು.

ಓಣಿಯ ಬಾಯಲ್ಲಿ ರಸ್ತೆ ಅಗೆಯುವ ಹಳದಿ ಯಂತ್ರ ಹಿಂದಿನ ಸಂಜೆಯೇ ಬಂದು ನಿಂತಿತ್ತು. ಹಳೆಯ ರಸ್ತೆ ಕಿತ್ತು, ಚರಂಡಿಯನ್ನೂ ನೀರಿನ ಪೈಪನ್ನೂ ಹೊಸದಾಗಿ ಹಾಕಿ, ಮೇಲೆ ಈ ಗೋಡೆಯಿಂದ ಆ ಗೋಡೆಯ ತನಕ ಸಿಮೆಂಟಿನ ರಸ್ತೆ ಮಾಡುತ್ತಾರಂತೆ. ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ಓಣಿ ಅದು, ಬೇಡವೆಂದವರು ಯಾರೂ ಇರಲಿಲ್ಲ. ಬಂಡೆಮ್ಮನಿಗೂ ರಸ್ತೆ ಬೇಕಾಗಿತ್ತು. ಆಕೆಯ ಹೆದರಿಕೆ ಬೋರಿಂಗಿನದು.

ಬೋರಿಂಗ್ ಎಂದರೆ ಓಣಿಯ ಮೂಲೆಯ ಕೈಪಂಪು. ಪಾಲಿಕೆಯವರು ಹಿಂದೊಂದು ಕಾಲದಲ್ಲಿ ಕೊರೆಸಿದ್ದು. ಈಗ ಓಣಿಯ ಮನೆಗಳಲ್ಲೆಲ್ಲ ನಳ ಇದೆ, ಬಂಡೆಮ್ಮನ ಕೋಣೆಗೆ ಮಾತ್ರ ಇಲ್ಲ. ಸೇಡಂ ಕಡೆಯಿಂದ ಈ ತೆಲುಗು ಶಹರಕ್ಕೆ ಗಂಡನ ಬೆನ್ನು ಹಿಡಿದು ಬಂದವಳು ಅವನು ತೀರಿಕೊಂಡ ಮೇಲೂ ಇಲ್ಲಿಯೇ ಉಳಿದು, ಬೋರಿಂಗಿನ ಪಕ್ಕದ ಒಂಟಿ ಕೋಣೆಯಲ್ಲಿ ಜೋಳದ ರೊಟ್ಟಿ ಬಡಿದು ಬದುಕುತ್ತಿದ್ದಳು. ಮಾದಾಪುರದ ಆಫೀಸುಗಳಲ್ಲಿ ದುಡಿಯುವ ಕಲಬುರಗಿ, ರಾಯಚೂರು ಕಡೆಯ ಹುಡುಗರು ಸಂಜೆ ಬಂದು ಅವಳ ರೊಟ್ಟಿಗಳನ್ನು ಕಟ್ಟಿಸಿಕೊಂಡು ಹೋಗುತ್ತಿದ್ದರು. ಹಿಟ್ಟಿನ ಎಸರಿಗೆ, ಹಂಚಿನ ಮೇಲೆ ರೊಟ್ಟಿಗೆ ಸವರುವುದಕ್ಕೆ, ಕುಡಿಯುವುದಕ್ಕೆ ಎಲ್ಲಕ್ಕೂ ಬೋರಿಂಗಿನ ನೀರೇ. ನಸುಕಿನಲ್ಲಿ ಬೇರೆಯವರ ಕೈ ಬೀಳುವ ಮೊದಲು ಅದರ ಬಾಯಿಗೆ ಕುಂಕುಮ ಇಟ್ಟು, ಮೊದಲ ಚೊಂಬು ನೀರನ್ನು ಗಂಗವ್ವನಿಗೆಂದು ಕಟ್ಟೆಯ ಮೇಲೇ ಸುರಿದು, ಎರಡನೆಯದನ್ನು ತನ್ನ ಕೊಡಕ್ಕೆ ಹಿಡಿಯುವವಳು. ಬೋರಿಂಗ್ ಹೋದರೆ ಕೋಣೆ ಬಿಡಬೇಕು. ಕೋಣೆ ಬಿಟ್ಟರೆ ಒಲೆ ಎಲ್ಲಿ ಹೂಡುವುದು?

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಹರ್ಷದಾ ಎಂಬ ಹುಡುಗಿ ಓಣಿಗೆ ಬಂದಿದ್ದಳು. ಬೀದರ ಕಡೆಯ ಮನೆತನ, ಪಾಲಿಕೆಯಲ್ಲಿ ಗುತ್ತಿಗೆಯ ಕೆಲಸ. ಅಗೆಯುವ ಮೊದಲು ಓಣಿಯಲ್ಲಿ ಪಾಲಿಕೆಯ ಆಸ್ತಿ ಏನೇನಿದೆ ಎಂದು ನೋಡಿ, ದೀಪದ ಕಂಬ, ನೀರಿನ ವಾಲ್ವು, ಒಂದೊಂದಕ್ಕೂ ಅಂಗೈಯಗಲದ ತಗಡಿನ ಬಿಲ್ಲೆ ಅಂಟಿಸಿ ಟ್ಯಾಬಿನಲ್ಲಿ ಫೋಟೊ ಹಿಡಿಯುತ್ತಿದ್ದಳು. ಬಿಲ್ಲೆಯ ಮೇಲೆ ಒಂದು ನಂಬರು, ಅದರ ಕೆಳಗೆ ಇರುವೆಗಳು ಗುಂಪುಗೂಡಿದಂಥ ಕಪ್ಪು ಚುಕ್ಕಿಗಳ ಚೌಕ. ಬೋರಿಂಗಿಗೂ ಒಂದು ಅಂಟಿಸಿದಳು. ಅಂಟು ಹಿಡಿಯುವ ತನಕ ಬಂಡೆಮ್ಮನೇ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಳು.

‘ಇದೇನ್ಬೇ ತಂಗಿ?’

‘ನಂಬರ್, ಆಯಿ. ರೋಡ್ ಮಾಡ್ತಾರಲ್ಲ, ಅದಕ್ಕ.’ ಹುಡುಗಿ ಟ್ಯಾಬಿನಿಂದ ಮುಖ ಎತ್ತಿರಲಿಲ್ಲ. ಒಂದು ಬೊಗಸೆ ನೀರು ಕುಡಿದು ಮುಂದಿನ ಕಂಬಕ್ಕೆ ಹೋಗಿದ್ದಳು.

ನಂಬರು ಎಂಬ ಮಾತು ಬಂಡೆಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಗಂಡ ಇದ್ದಾಗ ಮುಖ್ಯರಸ್ತೆಯ ಅಂಚಿಗೆ ಅವರದೊಂದು ರೊಟ್ಟಿ ಅಂಗಡಿ ಇತ್ತು. ರಸ್ತೆ ಅಗಲ ಮಾಡುವ ಕಾಲಕ್ಕೆ ಯಾರೋ ಬಂದು ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ಯಾವ ಯಾವ ಗೋಡೆಗೆ ನಂಬರು ಬಿತ್ತೋ ಆ ಗೋಡೆಗಳೆಲ್ಲ ಉರುಳಿದವು. ನಂಬರು ಬೀಳದವು ಇವತ್ತಿಗೂ ನಿಂತಿವೆ. ಹಾಗೆ ಅಂಗಡಿ ಕಳೆದುಕೊಂಡು ಒಳಗಿನ ಓಣಿಗೆ ಸರಿದವರಲ್ಲಿ ಬಂಡೆಮ್ಮನೂ ಒಬ್ಬಳು. ಪಾಲಿಕೆಯ ನಂಬರಿಗೆ ಬೇರೆ ಅರ್ಥ ಇರಬಹುದೆಂದು ಆಕೆಗೆ ಹೊಳೆಯುವುದಾದರೂ ಹೇಗೆ?

ಮರುದಿನ ನಸುಕಿನಲ್ಲಿ ರೊಟ್ಟಿ ಮಗುಚುವ ಕಬ್ಬಿಣದ ಪಟ್ಟಿಯನ್ನು ಒಲೆಯಲ್ಲಿ ಕಾಯಿಸಿ ತಂದು, ಅಂಟಿನ ಕೆಳಗೆ ತೂರಿಸಿ, ಬಿಲ್ಲೆಯನ್ನು ಎಬ್ಬಿಸಿಬಿಟ್ಟಳು. ಚರಂಡಿಗೆ ಎಸೆಯಲು ಕೈ ಬರಲಿಲ್ಲ. ಅಕ್ಷರ ಇದ್ದದ್ದನ್ನು ಹೊಲಸಿನಲ್ಲಿ ಹಾಕಬಾರದೆಂದು ಅವ್ವ ಹೇಳಿಕೊಟ್ಟಿದ್ದಳು. ಮನೆಯ ದೇವರ ಜಗಲಿಯ ಮೇಲಿಟ್ಟು, ವಿಭೂತಿ ಎಳೆದು, ಅರಿಶಿನ ಹಚ್ಚಿ, ಇದು ನಿನ್ನ ಕೈಯಲ್ಲಿ, ಉಳಿಸು ಎಂದು ಶಿವನಿಗೆ ಒಪ್ಪಿಸಿದಳು.

ಅದಾಗಿ ಎರಡು ದಿನಕ್ಕೆ, ಗಾಳಿ ನಿಂತ ಈ ದಿನ, ಹೊತ್ತು ಏರಿದ ಮೇಲೆ ಹರ್ಷದಾ ಬಂದಳು. ಇವತ್ತು ಜೊತೆಗೆ ಇಂಜಿನಿಯರ್ ಜನಾರ್ದನ ಇದ್ದರು. ನಾರಾಯಣಪೇಟೆಯವರು, ಗಡಿಯ ಆಚೆ ಈಚೆ ಎರಡೂ ಮಾತು ಬಲ್ಲವರು. ಹುಡುಗಿ ಒಂದೊಂದು ಕಂಬದ ಮುಂದೆ ನಿಂತು ಟ್ಯಾಬನ್ನು ಬಿಲ್ಲೆಗೆ ತೋರಿಸುವಳು, ಅದು ಕುಂಯ್ ಎನ್ನುವುದು, ಅವರು ತಲೆ ಆಡಿಸುವರು. ಹಾಗೇ ಬೋರಿಂಗಿನ ತನಕ ಬಂದರು.

‘ಇದರದೆಲ್ಲಿ?’ ಜನಾರ್ದನ ಕೇಳಿದರು.

ಹರ್ಷದಾ ಬೋರಿಂಗಿನ ಸುತ್ತ ಎರಡು ಸಲ ತಿರುಗಿದಳು. ಅದರ ಮೈಮೇಲೆ ಅಂಟಿನ ಕಲೆ ಕೂಡ ಉಳಿದಿರಲಿಲ್ಲ. ಬಂಡೆಮ್ಮ ಅದನ್ನು ಸೀಗೆಪುಡಿ ಹಾಕಿ ತಿಕ್ಕಿದ್ದಳು.

‘ಹಚ್ಚಿದ್ದೆ ಸರ್. ನಾನೇ ಹಚ್ಚೀನಿ. ಫೋಟೊ ಐತಿ, ನೋಡ್ರಿ.’

‘ಫೋಟೊದಾಗ ನಂಬರ್ ಎಲ್ಲಿ ಕಾಣ್ತದ? ಬಿಸಿಲು ಹೊಡದು ಬರೇ ಬೆಳ್ಳಗದ. ಬ್ಯಾರೆ ಕಡಿ ಒಬ್ಬ ಏನ್ ಮಾಡ್ಯಾನ ಗೊತ್ತದಲ್ಲ? ಒಂದು ಬಿಲ್ಲಿ ಕೈಯಾಗ ಹಿಡಕೊಂಡು, ಕಂಡಕಂಡದ್ದಕ್ಕ ಹಚ್ಚಿ ಫೋಟೊ ಹೊಡದು, ಕಿತ್ತಿ ಮುಂದಕ್ಕ ಹೋಗ್ಯಾನ. ಮ್ಯಾಲಿನವರು ಅವನ ಜೊತಿಗೆ ಅವನ ಇಂಜಿನಿಯರ್‌ನೂ ಮನಿಗೆ ಕಳಿಸಿದ್ರು.’

‘ನಾ ಅಂಥಾಕಿ ಅಲ್ರಿ ಸರ್.’

‘ಅಂವಾನೂ ಹಂಗೇ ಅಂದಿದ್ದ.’

ಬಂಡೆಮ್ಮನಿಗೆ ಬಾಗಿಲಲ್ಲಿ ನಿಂತು ನಿಂತು ತಡೆಯಲಾಗಲಿಲ್ಲ. ‘ಬೋರಿಂಗ ಇಲ್ಲೇ ನಿಂತೈತಲ್ರೀ ಸಾಹೇಬ್ರ. ಕಣ್ಣಿಗೆ ಕಾಣವಲ್ದೇನು?’

‘ನನ್ನ ಕಣ್ಣಿಗೆ ಕಾಣ್ತದವ್ವಾ.’ ಜನಾರ್ದನ ಟ್ಯಾಬಿನ ಮೇಲೆ ಬೆರಳು ಬಡಿದರು. ‘ಇದರ ಕಣ್ಣಿಗೆ ಕಾಣಬೇಕಲ್ಲ. ಬ್ಯಾರೆ ಬಿಲ್ಲಿ ಹಚ್ಚಿದ್ರ ಒಪ್ಪಂಗಿಲ್ಲ ಇದು. ಇವತ್ತು ಮೂರಕ್ಕ ಮೀಟಿಂಗ್. ರಸ್ತಿ ನಕ್ಷೆ ಅಲ್ಲಿ ಪಾಸಾಗ್ತದ. ಬಿಲ್ಲಿ ಓದಿದ್ದೆಲ್ಲ ನಕ್ಷೆದಾಗ ಇರ್ತದ, ರಸ್ತಿ ಅದನ್ನ ಬಿಟ್ಟು ಬಳಸಿ ಹೋಗ್ತದ. ಓದಲಿಲ್ಲ ಅಂದ್ರ ಪಾಳು ಬಿದ್ದದ್ದು ಅಂತ ಲೆಕ್ಕ. ನೆಲಮಟ್ಟಕ್ಕ ಕೊಯ್ದು ಬಾಯಿ ಮುಚ್ಚಿ ಮ್ಯಾಲ ಕಾಂಕ್ರೀಟ್ ಹಾಕ್ತಾರ.’

‘ಅಂದ್ರ... ನಂಬರ್ ಇದ್ದದ್ದು ಉಳೀತೈತೇನ್ರೀ?’

‘ಹೌದು ಮತ್ತ. ನಂಬರ್ ಇಲ್ಲದ್ದಕ್ಕ ಕೇಳವ್ರು ಯಾರು?’

ಬಂಡೆಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಒಳಗೆ ಜಗಲಿಯ ಮೇಲೆ, ನಾಲ್ಕು ಹೆಜ್ಜೆಯಾಚೆ, ಅದು ಕೂತಿದೆ. ಬಾಯಿ ತೆರೆಯಬೇಕು, ಅಷ್ಟೇ. ಆದರೆ ಅಷ್ಟರಲ್ಲಿ ಜನಾರ್ದನ ಹುಡುಗಿಯ ಕಡೆ ತಿರುಗಿದ್ದರು.

‘ನೋಡಮ್ಮಾ, ನೀ ಖರೇನೇ ಹಚ್ಚಿದ್ರ ಸರ್ಕಾರಿ ಸಾಮಾನು ಕಳವಾಗ್ಯದ ಅಂತ ಪೊಲೀಸ್ ಕಂಪ್ಲೇಂಟ್ ಕೊಡಬೇಕು. ಹಚ್ಚಿಲ್ಲಂದ್ರ ಸುಳ್ಳು ಎಂಟ್ರಿ ಮಾಡೀದಿ. ಎರಡ್ರಾಗ ಯಾವ್ದು ಅಂತ ಮಧ್ಯಾಹ್ನದಾಗ ಹೇಳು. ಅಲ್ಲಿ ತನಕ ಟ್ಯಾಬ್ ಕೊಡು. ಐಡಿ ಕಾರ್ಡೂ ಕೊಡು.’

ಹರ್ಷದಾ ಕೊರಳಿನ ದಾರ ತೆಗೆಯುವಾಗ ಅದು ಕೂದಲಿಗೆ ಸಿಕ್ಕಿತು. ಬಿಡಿಸಿಕೊಂಡು ಕೊಟ್ಟಳು. ಕಾರ್ಡನ್ನು ಜೇಬಿಗಿಳಿಸಿ, ಟ್ಯಾಬನ್ನು ಕಂಕುಳಲ್ಲಿಟ್ಟುಕೊಂಡು ಅವರು ಹೋದರು. ಅವಳು ಅವರ ಹಿಂದೆ ಬರಿಗೈಯಲ್ಲಿ ನಡೆದಳು. ಕಳವು ಎಂಬ ಮಾತು ಬಂಡೆಮ್ಮನ ನಾಲಿಗೆಯ ಮೇಲೆ ಕಲ್ಲಿಟ್ಟ ಹಾಗೆ ಕೂತಿತ್ತು. ಇಷ್ಟು ವಯಸ್ಸಾದರೂ ಆಕೆ ಪೊಲೀಸ್ ಠಾಣೆಯ ಮೆಟ್ಟಿಲು ಕಂಡವಳಲ್ಲ.

‘ಹೋದ್ರೇನು ಬಂಡೆವ್ವಾ?’

ಎದುರಿನ ಮನೆಯ ಸಂಗಣ್ಣ, ಮಹಡಿಯ ಕಟಕಟೆಗೆ ಮೊಣಕೈ ಊರಿ ನಿಂತಿದ್ದ. ಯಾದಗಿರಿ ಕಡೆಯವನು, ಬೇಳೆ ವ್ಯಾಪಾರ. ಬೋರಿಂಗ್ ಇರುವುದು ಅವನ ಗೇಟಿನ ಮಗ್ಗುಲಿಗೇ. ಹೊಸ ಕಾರು ತಂದಂದಿನಿಂದ ಒಳಗೆ ತಿರುಗಿಸಲಾಗದೆ ಹೊರಗೇ ನಿಲ್ಲಿಸುತ್ತಿದ್ದ.

‘ಹೋದ್ರು.’

‘ಮೊನ್ನೆ ನಸುಕಿನಾಗ ನೀ ಬೋರಿಂಗಿಗೆ ರೊಟ್ಟಿ ತಿರುವಿ ಹಾಕಾಕತ್ತಿದ್ದಿ. ನಾ ಇಲ್ಲೇ ನಿಂತು ನೋಡಾಕತ್ತಿದ್ದೆ.’

ಬಂಡೆಮ್ಮ ಓಣಿಯ ಆಚೆ ಈಚೆ ನೋಡಿದಳು. ಸಂಗಣ್ಣ ಕೆಳಗಿಳಿದು ಬಂದು, ದನಿ ತಗ್ಗಿಸಿ ಹೇಳಿದ, ‘ಅಂಜಬ್ಯಾಡ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ನೀನೂ ಬಿಡಬ್ಯಾಡ. ಬಿಟ್ಟಿ ಅಂದ್ರ ನಿನ್ನ ಜೀಪಿನಾಗ ಕುಂಡ್ರಿಸಿಕೊಂಡು ಹೊಕ್ಕಾರ. ಆಮ್ಯಾಲ ಹುಡುಗೂರಿಗೆ ರೊಟ್ಟಿ ಯಾರು ಬಡೀತಾರ?’

‘ನೀರಿಗೇನು ಮಾಡ್ಲಿ?’

‘ನಮ್ಮನಿ ನಳದಾಗ ತುಂಬ್ಕೋ. ದಿನಾ ಎರಡು ಕೊಡ.’

‘ದಿನಾ ಅಂದ್ರ ಎಲ್ಲಿ ತನಕ, ಸಂಗಣ್ಣ?’

‘ಅದನ್ನೆಲ್ಲ ಕೇಳಬಾರದು,’ ಎಂದು ಅವನು ನಕ್ಕ. ಕೆಟ್ಟವನಲ್ಲ ಅವನು. ಅವಳ ಗಂಡ ಹೋದಾಗ ಹೆಗಲು ಕೊಟ್ಟವನು. ಆದರೆ ನಗುವಾಗ ಅವನ ಕಣ್ಣು ಬೋರಿಂಗಿನ ಜಾಗವನ್ನು ಕಾರಿನ ಉದ್ದಕ್ಕೆ ಅಳೆಯುತ್ತಿತ್ತು.

ಬಂಡೆಮ್ಮ ಒಳಗೆ ಬಂದು ಒಲೆ ಹಚ್ಚಿದಳು. ಎಸರು ಕುದಿಯಿತು, ಹಿಟ್ಟು ನಾದಿದಳು. ಕೈ ತನ್ನಷ್ಟಕ್ಕೆ ಬಡಿಯುತ್ತಿತ್ತು, ರೊಟ್ಟಿ ಮಾತ್ರ ಅಂಚಿನಲ್ಲಿ ಸೀಳುತ್ತಿತ್ತು. ಒಂದು ಸೀಳಿತು, ಇನ್ನೊಂದು ಸೀಳಿತು. ಹಿಟ್ಟಿನದಲ್ಲ ತಪ್ಪು ಎಂದು ಗೊತ್ತಿತ್ತು. ಒಲೆ ಆರಿಸಿ ಜಗಲಿಯ ಮುಂದೆ ಹೋಗಿ ಕೂತಳು.

ಸುಮ್ಮನಿದ್ದರೆ ಬೋರಿಂಗ್ ಹೋಗುತ್ತದೆ. ಮಾತಾಡಿದರೆ ತಾನು ಹೋಗುತ್ತೇನೆ. ತಾನು ಹೋದರೆ ಬೋರಿಂಗ್ ಇದ್ದರೆಷ್ಟು, ಬಿಟ್ಟರೆಷ್ಟು? ಎಣ್ಣೆ ಇಳಿದ ಹಣತೆಯ ಪಕ್ಕ ಬಿಲ್ಲೆ ಅರಿಶಿನ ಬಳಿದುಕೊಂಡು ಮದುವಣಗಿತ್ತಿಯ ಹಾಗೆ ಕೂತಿತ್ತು. ಶಿವನೇ, ಉಳಿಸು ಎಂದು ನಿನ್ನ ಕೈಗೆ ಕೊಟ್ಟೆ. ನಾನು ಕೊಟ್ಟದ್ದನ್ನು ನೀನು ಉಳಿಸಿದ್ದೀ. ಇದನ್ನೇ ಉಳಿಸಿದ್ದೀ. ಬೋರಿಂಗನ್ನು ನಿನಗೆ ಕೊಟ್ಟವರು ಯಾರು?

ಹಾಗೆ ಅನ್ನಿಸಿದ್ದೇ ಆಕೆಗೆ ಆ ಹುಡುಗಿ ಕೂದಲಿನಿಂದ ದಾರ ಬಿಡಿಸಿಕೊಂಡದ್ದು ಕಣ್ಣಿಗೆ ಬಂತು. ಬೋರಿಂಗಿನ ಚಿಂತೆಯಲ್ಲಿ ಅವಳನ್ನು ಮರೆತೇಬಿಟ್ಟಿದ್ದಳು. ಎದ್ದು, ಬಿಲ್ಲೆಯನ್ನು ರೊಟ್ಟಿ ಸುತ್ತುವ ಬಿಳಿ ಬಟ್ಟೆಯಲ್ಲಿ ಕಟ್ಟಿ, ಸೆರಗಿನೊಳಗೆ ಹಿಡಿದು ಹೊರಬಿದ್ದಳು. ಗಡಿಯಾರದಲ್ಲಿ ಒಂದೂವರೆ ಆಗಿತ್ತು.

ಪಾಲಿಕೆಯ ಆಫೀಸು ಬಹಳ ದೂರವಿರಲಿಲ್ಲ. ಮೆಟ್ರೊ ಕಂಬಗಳ ಸಾಲು ಹಿಡಿದು ನಡೆದಳು. ಎಡಗಡೆ ಖಾಕಿ ಬಟ್ಟೆ ಕಂಡದ್ದೇ ಬಲಕ್ಕೆ ಸರಿದಳು. ಆಮೇಲೆ ನೋಡಿದರೆ ಅವನು ಯಾವುದೋ ಬ್ಯಾಂಕಿನ ಕಾವಲಿನವನು. ಸೆರಗಿನೊಳಗೆ ತಗಡಿನ ಅಂಚು ಬಟ್ಟೆ ದಾಟಿ ಅಂಗೈಗೆ ಒತ್ತುತ್ತಿತ್ತು.

ಇಂಜಿನಿಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಹರ್ಷದಾ ಕೂತಿದ್ದಳು. ಊಟದ ಡಬ್ಬಿ ಮಡಿಲಲ್ಲಿತ್ತು, ಮುಚ್ಚಳ ತೆಗೆದಿರಲಿಲ್ಲ.

‘ಆಯಿ? ನೀವ್ಯಾಕ ಬಂದ್ರಿ?’

‘ಉಂಡಿಲ್ಲೇನ ಯವ್ವಾ?’

‘ಹಸಿವಿಲ್ರಿ.’ ಹುಡುಗಿ ಮುಖ ಆಚೆ ತಿರುಗಿಸಿದಳು. ‘ಆಯಿ, ಅವತ್ತು ಅಂಟು ಒತ್ತಿ ಹಿಡಿದವ್ರು ನೀವೇ ಅಲ್ಲ? ಹಚ್ಚಿದ್ದು ಖರೇ ಅಂತ ಸರ್ ಮುಂದ ಒಂದು ಮಾತು ಹೇಳ್ತೀರೇನು? ಇಲ್ಲಾಂದ್ರ ನನಗ ಮತ್ತ ಈ ಕೆಲಸ ಸಿಗಂಗಿಲ್ಲ. ಎಲ್ಲೂ ಸಿಗಂಗಿಲ್ಲ. ಸುಳ್ಳು ಎಂಟ್ರಿ ಅಂತ ಹೆಸರಿನ ಮುಂದ ಬಂದ್ರ ಮುಗೀತು.’

ಬಂಡೆಮ್ಮ ಸೆರಗು ಸರಿಸಿ ಬಟ್ಟೆಯ ಗಂಟು ಬಿಚ್ಚಿದಳು. ಹರ್ಷದಾ ನೋಡಿದಳು. ಸಿಟ್ಟು ಬರುತ್ತದೆ, ಬೈಯುತ್ತಾಳೆ ಎಂದು ಬಂಡೆಮ್ಮ ಕಾದಳು. ಬಂದರೆ ಬರಲಿ, ಬರುವುದೇ ನ್ಯಾಯ.

‘ಯಾಕ, ಆಯಿ?’

‘ನಂಬರ್ ಬಿದ್ರ ಕೆಡವ್ತಾರ ಅಂತ ತಿಳಕೊಂಡೆ.’

ಹುಡುಗಿ ತುಟಿ ಕಚ್ಚಿದಳು. ‘ಏನಿದು ಅಂತ ನೀವು ಕೇಳಿದ್ರಿ. ನಾ ಸರಿಯಾಗಿ ಹೇಳಲೇ ಇಲ್ಲ.’

‘ಅದಿರ್ಲಿ. ಒಳಗ ಹೋಗೂಣು ಬಾ.’

ಜನಾರ್ದನರ ಮೇಜಿನ ತುಂಬ ನಕ್ಷೆಗಳು ಹರಡಿದ್ದವು. ಓಣಿಯ ನಕ್ಷೆಯೇ ಮೇಲಿತ್ತು. ನೀಲಿ ಗೆರೆ ಪೈಪಿನದು, ಹಸಿರು ಚುಕ್ಕಿಗಳು ಕಂಬಗಳವು. ಬೋರಿಂಗ್ ಇರಬೇಕಾದ ಮೂಲೆಯಲ್ಲಿ ಏನೂ ಇರಲಿಲ್ಲ, ಬರೀ ಬಿಳಿ ಕಾಗದ. ಬಂಡೆಮ್ಮ ಆ ಬಿಳಿಯ ಮೇಲೇ ಬಿಲ್ಲೆಯನ್ನಿಟ್ಟಳು.

‘ನಾ ಕಿತ್ತಿದ್ದು, ಸಾಹೇಬ್ರ. ಈ ಹುಡುಗಿದೇನೂ ಇಲ್ಲ.’

ಅವರು ಬಿಲ್ಲೆಯನ್ನು ನೋಡಿದರು, ಅರಿಶಿನವನ್ನು ನೋಡಿದರು. ‘ಯಾಕ ಕಿತ್ರಿ?’

‘ಬೋರಿಂಗ ಉಳೀಲಿ ಅಂತ.’

ಮೇಲೆ ಫ್ಯಾನು ತಿರುಗುತ್ತಿತ್ತು. ಬಂಡೆಮ್ಮನೇ ಮುಖ್ಯರಸ್ತೆಯ ಅಂಗಡಿಯ ಮಾತು ಹೇಳಿದಳು. ಕೆಂಪು ನಂಬರಿನ ಮಾತು, ಬಿಲ್ಲೆಯನ್ನು ದೇವರ ಜಗಲಿಗೇರಿಸಿದ ಮಾತು ಹೇಳಿದಳು. ಹೇಳುತ್ತ ಹೇಳುತ್ತ ದನಿ ಸ್ವಲ್ಪ ಗಟ್ಟಿಯಾಯಿತು. ‘ಪೊಲೀಸರಿಗೆ ಹೇಳ್ತೀರೇನು, ಹೇಳ್ರಿ. ಆದ್ರ ಮೊದಲ ಇದನ್ನ ಬೋರಿಂಗಿಗೆ ಹಚ್ಚ್ರಿ. ಆಮ್ಯಾಲ ನೀವು ಎಲ್ಲಿ ಬಾ ಅಂತೀರಿ ಅಲ್ಲಿಗೆ ಬರ್ತೀನಿ.’

ಜನಾರ್ದನ ಹಣೆ ಉಜ್ಜಿಕೊಂಡರು, ಗೋಡೆಯ ಗಡಿಯಾರ ನೋಡಿದರು. ‘ಇಲ್ಲಿ ಕೂತು ಓದಿಸಿದ್ರ ಓದಂಗಿಲ್ಲ ಇದು. ಬೋರಿಂಗ್ ಹತ್ರನೇ ನಿಲ್ಲಬೇಕು. ಪದಂಡಿ, ನಡೀರಿ ಮೊದಲ.’

ಪಾಲಿಕೆಯ ಜೀಪಿನಲ್ಲಿ ಹಿಂದೆ ಕೂತಳು ಬಂಡೆಮ್ಮ. ಸಂಗಣ್ಣ ಹೇಳಿದ ಜೀಪು ಇದೇ ಏನೋ ಎಂದು ಒಂದು ಗಳಿಗೆ ಅನ್ನಿಸಿತು. ಸಿಗ್ನಲ್ಲಿನಲ್ಲಿ ವಾಹನಗಳು ಮುಂದೂ ಸರಿಯಲಿಲ್ಲ, ಹಿಂದೂ ಸರಿಯಲಿಲ್ಲ. ಜನಾರ್ದನ ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ, ಒಂದು ಎಂಟ್ರಿ ಬಾಕಿ ಇದೆ, ನಕ್ಷೆ ಮುಚ್ಚಬೇಡಿ ಎಂದು ಕೇಳಿಕೊಳ್ಳುತ್ತಿದ್ದರು. ಆ ಕಡೆಯ ದನಿ, ಮೂರಾದ ಮೇಲೆ ತನ್ನ ಕೈಯಲ್ಲೂ ಇಲ್ಲ ಎನ್ನುವುದು ಇವಳಿಗೂ ಕೇಳಿಸಿತು. ಬಂಡೆಮ್ಮ ಕಣ್ಣು ಮುಚ್ಚಿ ಓಂ ನಮಃ ಶಿವಾಯ ಎಂದಳು. ಬೇಡಲಿಲ್ಲ. ಬೇಡುವುದು ಏನೂ ಉಳಿದಿರಲಿಲ್ಲ, ಬಾಯಿಗೆ ಒಂದು ಕೆಲಸ ಬೇಕಾಗಿತ್ತು ಅಷ್ಟೇ.

ಓಣಿ ಮುಟ್ಟಿದಾಗ ಹಳದಿ ಯಂತ್ರ ಆ ತುದಿಯಲ್ಲಿ ಆಗಲೇ ಡಾಂಬರು ಎಬ್ಬಿಸುತ್ತಿತ್ತು. ನೆಲ ಕಾಲಡಿಗೆ ಗುಂಯ್‌ಗುಟ್ಟಿತು. ಜನಾರ್ದನ ಬಿಲ್ಲೆಯನ್ನು ಬೋರಿಂಗಿಗೆ ಒತ್ತಿ ಹಿಡಿದು ಟ್ಯಾಬ್ ಎತ್ತಿದರು. ಅದು ತೆರೆಯಲಿಲ್ಲ. ಹುಡುಗಿಯ ಹೆಬ್ಬೆರಳೇ ಬೇಕಂತೆ. ಅವರು ಅದನ್ನು ಅವಳ ಕಡೆ ಚಾಚಿದರು. ಹರ್ಷದಾ ತೆರೆದು ಬಿಲ್ಲೆಗೆ ತೋರಿಸಿದಳು. ಸದ್ದಿಲ್ಲ. ಮತ್ತೆ ತೋರಿಸಿದಳು. ಸದ್ದಿಲ್ಲ.

‘ಅರಿಶಿನ,’ ಎಂದಳು ಹರ್ಷದಾ. ‘ಚುಕ್ಕಿ ಮುಚ್ಚ್ಯಾವ.’

ಬಂಡೆಮ್ಮ ಸೆರಗಿನಿಂದ ಒರೆಸಿದಳು. ಹಣತೆಯ ಎಣ್ಣೆಯೂ ಕೂಡಿ ಅದು ಇನ್ನಷ್ಟು ಬಳಿದುಕೊಂಡಿತು. ಜನಾರ್ದನ ಕೈಗಡಿಯಾರ ನೋಡಿದರು. ಬಂಡೆಮ್ಮ ಬಿಲ್ಲೆಯನ್ನು ಅವರ ಕೈಯಿಂದ ತೆಗೆದುಕೊಂಡು ಬೋರಿಂಗಿನ ಬಾಯಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಕೆ ಜಗ್ಗಿದಳು. ಮೊದಲ ಜಗ್ಗಿಗೆ ಗಾಳಿ ಬಂತು, ಎರಡನೆಯದಕ್ಕೂ ಗಾಳಿ. ಆಮೇಲೆ ನೀರು ಬಂತು, ತಣ್ಣಗೆ, ಬಿಲ್ಲೆಯ ಮೇಲೆ, ಅವಳ ಮಣಿಕಟ್ಟಿನ ಮೇಲೆ, ಇಂಜಿನಿಯರ ಬೂಟಿನ ಮೇಲೆ. ಒಲೆಯಿಂದ ಬೂದಿ ತಂದು ತಿಕ್ಕಿ ಮತ್ತೆ ತೊಳೆದಳು. ಕಪ್ಪು ಚುಕ್ಕಿಗಳು ಒಂದೊಂದಾಗಿ ಎದ್ದು ಬಂದವು.

ಟ್ಯಾಬ್ ಕುಂಯ್ ಎಂದಿತು.

ಹರ್ಷದಾ ಪರದೆಯನ್ನು ಒತ್ತಿದಳು, ಕಾದಳು, ಇನ್ನೊಮ್ಮೆ ಒತ್ತಿದಳು. ನಕ್ಷೆಯ ಆ ಬಿಳಿ ಮೂಲೆಯಲ್ಲಿ ಹಸಿರು ಚುಕ್ಕಿಯೊಂದು ಕೂತದ್ದನ್ನು ಬಂಡೆಮ್ಮನಿಗೆ ತಿರುಗಿಸಿ ತೋರಿಸಿದಳು. ಮೂರಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಬಂಡೆಮ್ಮ ಕಟ್ಟೆಯ ಮೇಲೆ ಕೂತಳು.

‘ಆತು ಬಿಡವ್ವ,’ ಮಹಡಿಯಿಂದ ಸಂಗಣ್ಣನ ದನಿ. ‘ನಮ್ಮ ಗಾಡಿ ಬಿಸಲಾಗ ಬೇಯಲಿ.’

‘ಬೇವಿನ ನೆರಳೈತಲ್ಲೋ ಸಂಗಣ್ಣ. ಅಲ್ಲಿ ನಿಲ್ಲಿಸು.’

‘ಕಾಗಿ ಹೇತ್ರ ನೀ ತೊಳೀತಿಯೇನು?’

‘ಬೋರಿಂಗ ಐತಿ. ತೊಳೀತೀನಿ.’

ಅವನು ನಕ್ಕು ಒಳಗೆ ಹೋದ. ಬಂಡೆಮ್ಮ ಕೈ ಮುಗಿದು ಇಂಜಿನಿಯರ ಕಡೆ ತಿರುಗಿದಳು. ‘ನಡೀರಿ ಸಾಹೇಬ್ರ. ಎಲ್ಲಿಗೆ ಬರಬೇಕು, ಹೇಳ್ರಿ.’

‘ಎಲ್ಲಿಗೂ ಬ್ಯಾಡವ್ವಾ. ಕಳವಾಗಿದ್ರಲ್ಲ ಕಂಪ್ಲೇಂಟು. ನಿಮ್ಮ ಬೋರಿಂಗಿನ ಬಿಲ್ಲಿ ನಿಮ್ಮ ದೇವ್ರ ಮುಂದ ಇತ್ತು.’ ಅಷ್ಟು ಹೇಳಿ ಅವರು ಕಟ್ಟೆಯ ಅಂಚಿಗೆ ಬಗ್ಗಿ ಮುಖ ತೊಳೆದುಕೊಂಡರು. ಹಿಡಿಕೆಯನ್ನು ಬಂಡೆಮ್ಮ ಜಗ್ಗಿದಳು.

ಹರ್ಷದಾ ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿಕೊಂಡು ನಿಂತಿದ್ದಳು. ಬೆಳಗ್ಗೆ ಕೇಳಿ ತೆಗೆದುಕೊಂಡದ್ದಲ್ಲವೇ, ಮಧ್ಯಾಹ್ನದ ಮಾತು ಇನ್ನೂ ಬಾಕಿ ಇದೆಯೇನೋ ಎಂಬ ಹಾಗೆ. ಜನಾರ್ದನ ಮುಖದ ನೀರು ಒರೆಸಿಕೊಂಡರು. ಅವಳ ಮುಖವನ್ನು ನೋಡಿ ನೋಡದ ಹಾಗೆ, ಜೇಬಿನಿಂದ ಐಡಿ ಕಾರ್ಡು ತೆಗೆದು, ಸಿಕ್ಕುಬಿದ್ದ ದಾರವನ್ನು ಬಿಡಿಸಿ, ಟ್ಯಾಬಿನ ಮೇಲಿಟ್ಟು, ಜೀಪಿನ ಕಡೆ ನಡೆದರು.